ಪದಚರ್ಚೆ: ದೀಕ್ಷೆ, ಪಟ್ಟಾಭಿಷೇಕ, ಪೀಠಾರೋಹಣ – ಆರ್ಚ್‌ಬಿಷಪ್ ವಿಷಯದಲ್ಲಿ ಯಾವುದು ಸರಿ?

ಪ್ರಶ್ನೆ:

ಬೆಂಗಳೂರಿನ ಆರ್ಚ್‌ಬಿಷಪ್ ಆಗಿದ್ದ ಅಲ್ಫೋನ್ಸಸ್ ಮಥಾಯಸ್ ಅವರ ವ್ಯಕ್ತಿಪರಿಚಯವೊಂದರ ಕರಡನ್ನು ತಿದ್ದಬೇಕಾಗಿದೆ. ಅದರಲ್ಲಿ ಹೀಗಿದೆ: “1963ರಲ್ಲಿ ಚಿಕ್ಕಮಗಳೂರಿನ ಬಿಷಪ್ ಆಗಿ ಪಟ್ಟಾಭಿಷಿಕ್ತರಾದ ಅವರು 1986ರಲ್ಲಿ ಬಡ್ತಿ ಹೊಂದಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ದೀಕ್ಷೆ ಪಡೆದರು. 1998ರಲ್ಲಿ ವಯೋನಿವೃತ್ತರಾದ ಈ ಮಾಜಿ ಬಿಷಪ್ 2024ರಲ್ಲಿ ನಿಧನರಾದರು.” ಪಟ್ಟಾಭಿಷೇಕ, ಬಡ್ತಿ, ದೀಕ್ಷೆ, ಮಾಜಿ ಇವು ಇಲ್ಲಿ ಒಪ್ಪುತ್ತವೆಯೇ? ಒಂದೇ ಬರಹದಲ್ಲಿ ‘ಬಿಷಪ್’, ‘ಧರ್ಮಾಧ್ಯಕ್ಷ’ ಎರಡೂ ಬರಬಹುದೇ?

ಉತ್ತರ 1:

ಇಲ್ಲಿ ತೊಡಕಾಗಿರುವುದು ಒಂದೇ ಕಾರಣಕ್ಕೆ: ನೇಮಕ, ದೀಕ್ಷೆ, ಪೀಠಾರೋಹಣ ಮೂರೂ ಬೇರೆಬೇರೆ ಎಂಬುದು ಕರಡು ಬರೆದವರಿಗೆ ತಿಳಿದಿಲ್ಲ. ನೇಮಕ ಎಂದರೆ ಪೋಪರ ಆದೇಶ ಪ್ರಕಟವಾದ ದಿನ. ಅಂದು ಯಾವ ವಿಧಿಯೂ ನಡೆಯುವುದಿಲ್ಲ. ಮಥಾಯಸ್ ಅವರ ನೇಮಕವಾದದ್ದು 1963ರ ನವೆಂಬರ್ 16ರಂದು. ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಹುಟ್ಟಿದ್ದೂ ಅಂದೇ. ದೀಕ್ಷೆ, ಅಂದರೆ ಬಿಷಪರನ್ನಾಗಿಸುವ ವಿಧಿ, ಆದದ್ದು 1964ರ ಫೆಬ್ರುವರಿ 5ರಂದು. ಕರಡು ನೇಮಕದ ಇಸವಿಯನ್ನು ದೀಕ್ಷೆಗೆ ಅಂಟಿಸಿದೆ.

ಇನ್ನು 1986ರ ‘ದೀಕ್ಷೆ’ ಪೂರಾ ತಪ್ಪು. ಕ್ಯಾಥೊಲಿಕ್ ಸಭೆಯಲ್ಲಿ (ಚರ್ಚಿನಲ್ಲಿ) ದೀಕ್ಷೆಗೆ ಮೂರೇ ಮೆಟ್ಟಿಲು: ಡೀಕನ್ (ಗುರುವಿಗಿಂತ ಕೆಳಗಿನ ಸ್ಥಾನದವರು), ಗುರು (ಪಾದ್ರಿ), ಧರ್ಮಾಧ್ಯಕ್ಷ (ಬಿಷಪ್). ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಎಂಬುದು ನಾಲ್ಕನೆಯ ಮೆಟ್ಟಿಲಲ್ಲ, ಮೂರನೆಯದರಲ್ಲೇ ನಿಂತವರಿಗೆ ಸಿಗುವ ಪೀಠ. ಹಾಗಾಗಿ ಈಗಾಗಲೇ ಧರ್ಮಾಧ್ಯಕ್ಷರಾಗಿದ್ದವರಿಗೆ ಎರಡನೆಯ ಸಲ ದೀಕ್ಷೆ ಇಲ್ಲ. ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. ಥಾಮಸ್ ಪೋತಕಮೂರಿ 1942ರಿಂದ ಇಲ್ಲಿನ ಧರ್ಮಾಧ್ಯಕ್ಷರು. 1953ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು, ಅವರು ಮಹಾಧರ್ಮಾಧ್ಯಕ್ಷರಾದರು. ಊರಿಗೆ ‘ಮಹಾ’ ಬಂತು, ಅವರಿಗೂ ಬಂತು, ಅಷ್ಟೇ.

‘ಪಟ್ಟಾಭಿಷೇಕ’ದಲ್ಲಿ ಅರ್ಧ ಸರಿ. ಅಭಿಷೇಕ ನಿಜಕ್ಕೂ ಇದೆ. ಧರ್ಮಾಧ್ಯಕ್ಷ ದೀಕ್ಷೆಯಲ್ಲಿ ಮೊದಲು, ಬಂದಿರುವ ಧರ್ಮಾಧ್ಯಕ್ಷರು ಒಬ್ಬೊಬ್ಬರಾಗಿ ಅಭ್ಯರ್ಥಿಯ ತಲೆಯ ಮೇಲೆ ಕೈಯಿಡುತ್ತಾರೆ. ದೀಕ್ಷೆ ಕೊಡುವವರು ರೂಢಿಯಂತೆ ಕನಿಷ್ಠ ಮೂವರು. ಆಮೇಲೆ ತೆರೆದ ಶುಭಸಂದೇಶದ ಪುಸ್ತಕವನ್ನು ತಲೆಯ ಮೇಲೆ ಹಿಡಿದು ಪ್ರಾರ್ಥನೆ, ಅದು ಮುಗಿದ ಮೇಲೆ ನೆತ್ತಿಗೆ ಪವಿತ್ರ ತೈಲ, ಕೊನೆಗೆ ಉಂಗುರ, ಶಿರೋಕಿರೀಟ, ದಂಡ. ದೀಕ್ಷೆಯನ್ನು ದೀಕ್ಷೆಯನ್ನಾಗಿಸುವುದು ಕೈಯಿಡುವುದು ಮತ್ತು ಪ್ರಾರ್ಥನೆ. ಕಿರೀಟ ಆಮೇಲಿನ ಲಾಂಛನ. ‘ಪಟ್ಟ’ ಎಂದ ಕೂಡಲೇ ಓದುಗನ ಕಣ್ಣು ಕಿರೀಟಕ್ಕೆ ಹೋಗುತ್ತದೆ, ಮೈಸೂರು ಅರಮನೆ ನೆನಪಾಗುತ್ತದೆ. ‘ಧರ್ಮಾಧ್ಯಕ್ಷ ದೀಕ್ಷೆ’ ಸಾಕು.

1986ಕ್ಕೆ ಬೇಕಾದ ಪದ ‘ಪೀಠಾರೋಹಣ’. ಪ್ರಧಾನಾಲಯದಲ್ಲಿ (ಧರ್ಮಪ್ರಾಂತ್ಯದ ಮುಖ್ಯ ಚರ್ಚಿನಲ್ಲಿ) ಧರ್ಮಾಧ್ಯಕ್ಷರಿಗೆಂದೇ ಒಂದು ಪೀಠ ಇರುತ್ತದೆ, ಅದರಲ್ಲಿ ಹೋಗಿ ಕೂರುವುದೇ ವಿಧಿ. ಅದಕ್ಕೆ ಮುಂಚೆ ಪೋಪರ ನೇಮಕಪತ್ರವನ್ನು ತೋರಿಸಿ ಓದಬೇಕು. ಪತ್ರ ಕೈಸೇರಿದ ಮೇಲೆ, ಈಗಾಗಲೇ ಧರ್ಮಾಧ್ಯಕ್ಷರಾದವರಿಗೆ ಎರಡು ತಿಂಗಳು, ಹೊಸಬರಿಗೆ ನಾಲ್ಕು ತಿಂಗಳು ಗಡುವು. ಅದಕ್ಕೇ ಎರಡು ತಾರೀಖು ಬರುವುದು: ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ಪೀಟರ್ ಮಚಾದೊ ಅವರ ನೇಮಕ 2018ರ ಮಾರ್ಚ್ 19ಕ್ಕೆ, ಪೀಠಾರೋಹಣ ಮೇ 31ಕ್ಕೆ. ಮಥಾಯಸ್ ಅವರ ನೇಮಕ 1986ರ ಸೆಪ್ಟೆಂಬರ್ 12. ‘ಬಡ್ತಿ’ ಕಚೇರಿಯ ಮಾತು. ‘ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ವರ್ಗಾವಣೆ’ ಎಂದರೆ ಸಭೆಯ ಕಾನೂನಿನ ಮಾತಿಗೇ ಹತ್ತಿರ.

ವಯೋನಿವೃತ್ತಿ? ಅವರು ಹುಟ್ಟಿದ್ದು 1928ರ ಜೂನ್‌ನಲ್ಲಿ, ಪಾಂಗಾಳದಲ್ಲಿ. ಸ್ಥಾನ ಬಿಟ್ಟದ್ದು 1998ರ ಮಾರ್ಚ್‌ನಲ್ಲಿ. ಎಪ್ಪತ್ತೂ ತುಂಬಿರಲಿಲ್ಲ, ರಾಜೀನಾಮೆ ಕೊಡಬೇಕಾದ ವಯಸ್ಸು 75. ಆದ್ದರಿಂದ ‘ರಾಜೀನಾಮೆ ಅಂಗೀಕಾರವಾಯಿತು’ ಎಂದೇ ಬರೆಯಿರಿ. ‘ಸಲ್ಲಿಸಿದರು’ ಬೇಡ, ದಾಖಲೆಗಳಲ್ಲಿ ಇರುವುದು ಅಂಗೀಕಾರದ ದಿನ.

ಉತ್ತರ 2:

‘ಮಾಜಿ ಬಿಷಪ್’ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪೀಠ ಬಿಟ್ಟರೂ ದೀಕ್ಷೆ ಅಳಿಯುವುದಿಲ್ಲ, ಸಾಯುವವರೆಗೂ ಅವರು ಬಿಷಪರೇ. ‘ಮಾಜಿ’ ಎಂದರೆ ಸಭೆಯಿಂದ ಹೊರಹಾಕಿದಂತೆ ಕೇಳುತ್ತದೆ. ‘ವಿಶ್ರಾಂತ ಕುಲಪತಿ’ ಇರುವಾಗ ‘ವಿಶ್ರಾಂತ ಮಹಾಧರ್ಮಾಧ್ಯಕ್ಷ’ಕ್ಕೆ ಏನು ಅಡ್ಡಿ? ‘ನಿವೃತ್ತ’ ಕೂಡ ನಡೆಯುತ್ತದೆ.

ಬಿಷಪ್, ಧರ್ಮಾಧ್ಯಕ್ಷ ಎರಡೂ ಇರಲಿ, ಆದರೆ ಜಾಗ ನೋಡಿ. ದಿನಪತ್ರಿಕೆಗೆ ‘ಬಿಷಪ್’ ಸಾಕು. ಸಭೆಯ ಬರಹದಲ್ಲಿ ‘ಧರ್ಮಾಧ್ಯಕ್ಷ’, ಹೆಸರಿನ ಹಿಂದೆ ‘ಅತಿ ವಂದನೀಯ’. ಬರಿಯ ‘ವಂದನೀಯ’ ಗುರುಗಳಿಗೆ. ಕೊಂಕಣಿಯವರು ‘ಬಿಸ್ಪ್’ ಎನ್ನುತ್ತಾರೆ. ಹಳೆಯ ಕನ್ನಡ ಬೈಬಲಿನ ‘ಸಭಾಧ್ಯಕ್ಷ’ವನ್ನು ಈಗ ಬಳಸಿದರೆ ವಿಧಾನಸಭೆಯೋ ಸಮ್ಮೇಳನವೋ ಎಂದು ಗೊಂದಲ.

‘ಸಹಾಯಕ’ ಎಂಬುದನ್ನೂ ಎಚ್ಚರದಿಂದ ಬಳಸಿ. ಡಿ. ಸೈಮನ್ ಲೂರ್ದುಸಾಮಿ 1962ರಲ್ಲಿ ಬೆಂಗಳೂರಿನ ಸಹಾಯಕ ಧರ್ಮಾಧ್ಯಕ್ಷರಾದರು. 1964ರಲ್ಲಿ ಸಿಕ್ಕ ಹುದ್ದೆ ಬೇರೆ: ಪೀಠ ತೆರವಾದ ಕ್ಷಣವೇ ಅದು ಅವರಿಗೆ ಸೇರುವಂಥ ಹಕ್ಕಿನದು. 1968ರಲ್ಲಿ ಹಾಗೇ ಆಯಿತು. ಸಹಾಯಕರಿಗೆ ಆ ಹಕ್ಕಿಲ್ಲ. 1964ರ ಆ ಹುದ್ದೆಯನ್ನು ‘ಉತ್ತರಾಧಿಕಾರಿ ಸಹಧರ್ಮಾಧ್ಯಕ್ಷ’ ಎಂದರೆ ಉದ್ದವಾದರೂ ತಪ್ಪು ಆಗದು.

ಪತ್ರಿಕೆಗಳಲ್ಲಿ ಕಂಡ ಇನ್ನೊಂದು: “ಪೋಪ್ ಅವರಿಂದ ಶಾಲು”. ಆರ್ಚ್‌ಬಿಷಪರಿಗೆ ಸಿಗುವ ಅದು ಸನ್ಮಾನದ ಶಾಲಲ್ಲ, ಪಾಲಿಯಮ್. ಕುರಿಮರಿಯ ಬಿಳಿ ಉಣ್ಣೆಯ ಕಿರುಪಟ್ಟಿ, ಆರು ಕಪ್ಪು ಶಿಲುಬೆ. ಪೂಜಾವಸ್ತ್ರದ ಮೇಲೆ ಕೊರಳ ಸುತ್ತ ಹಾಕಿದರೆ ಎದೆಗೊಂದು, ಬೆನ್ನಿಗೊಂದು ತುದಿ ಇಳಿಯುತ್ತದೆ. ‘ಉಣ್ಣೆಪಟ್ಟಿ’ ಎನ್ನಿ, ಇಲ್ಲವೇ ‘ಪಾಲಿಯಮ್’ ಎಂದೇ ಬಿಡಿ.

ಪ್ರಶ್ನೆ ಕೇಳಿದವರು:

ತಿದ್ದಿದ್ದು ಹೀಗೆ: “1963ರಲ್ಲಿ ಚಿಕ್ಕಮಗಳೂರಿನ ಮೊದಲ ಧರ್ಮಾಧ್ಯಕ್ಷರಾಗಿ ನೇಮಕಗೊಂಡು 1964ರಲ್ಲಿ ದೀಕ್ಷೆ ಪಡೆದರು. 1986ರಲ್ಲಿ ಬೆಂಗಳೂರಿಗೆ ಮಹಾಧರ್ಮಾಧ್ಯಕ್ಷರಾಗಿ ಬಂದರು. 1998ರಲ್ಲಿ ಅವರ ರಾಜೀನಾಮೆ ಅಂಗೀಕಾರವಾಯಿತು.” ಮುಂದೆ “ರಾಜ್ಯದ ಎಲ್ಲ ಧರ್ಮಪ್ರಾಂತ್ಯಗಳೂ ಅವರ ಅಧೀನದಲ್ಲಿದ್ದವು” ಎಂದಿದೆ. ಇರಲಿಯೇ?

ಉತ್ತರ 1:

ತೆಗೆದುಬಿಡಿ. ಮಂಗಳೂರು, ಮೈಸೂರು, ಶಿವಮೊಗ್ಗ ಮೊದಲಾದವು ಬೆಂಗಳೂರಿನ ಜೊತೆ ಒಂದು ಗುಂಪಿನಲ್ಲಿವೆ, ನಿಜ. ಆದರೆ ಅಲ್ಲಿನ ಗುರುಗಳ ವರ್ಗಾವಣೆಗೂ ಹಣಕಾಸಿಗೂ ಬೆಂಗಳೂರಿನವರು ಕೈಹಾಕುವಂತಿಲ್ಲ. ನಂಬಿಕೆ, ಶಿಸ್ತುಗಳು ಸಡಿಲವಾದರೆ ರೋಮ್‌ಗೆ ತಿಳಿಸುವುದು ಅವರ ಮುಖ್ಯ ಹೊಣೆ. ಸೀರೊ ಮಲಬಾರ್ ಪದ್ಧತಿಯ (ಕೇರಳ ಮೂಲದ, ಬೇರೆ ಆರಾಧನಾಕ್ರಮದ ಕ್ಯಾಥೊಲಿಕರ) ಬೆಳ್ತಂಗಡಿಯಂತೂ ಈ ಗುಂಪಿಗೇ ಸೇರಿಲ್ಲ. ಈ ಗುಂಪನ್ನು ‘ಪ್ರಾಂತ್ಯ’ ಎನ್ನೋಣವೆಂದರೆ, ಆ ಪದವನ್ನು ‘ಧರ್ಮಪ್ರಾಂತ್ಯ’ಕ್ಕೆ ಆಗಲೇ ಖರ್ಚು ಮಾಡಿಕೊಂಡಿದ್ದೇವೆ. ಸದ್ಯಕ್ಕೆ ‘ಬೆಂಗಳೂರು ಮತ್ತು ಅದರೊಡನೆ ಸೇರಿದ ಧರ್ಮಪ್ರಾಂತ್ಯಗಳು’ ಎಂದು ಬಿಡಿಸಿ ಬರೆಯಿರಿ.