ಪದಚರ್ಚೆ: ‘ರೈಫಲ್‌ನಿಂದ ಮಾಡಿದ ಆಯುಧ’ಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಕೇಳಿಕೆ (ಅನುವಾದಕಿ)

ಮಾನ್ಯರೇ,

ಕಾನೂನು ಮಾಸಿಕವೊಂದಕ್ಕಾಗಿ ಅಮೆರಿಕದ ಬಂದೂಕು ಕಾಯಿದೆಗಳ ಕುರಿತ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಪುಟಗಳು ಅಚ್ಚಿಗೆ ಹೋಗುತ್ತವೆ. ರೈಫಲ್‌ನ ಬಿಡಿಭಾಗಗಳನ್ನು ಬಳಸಿ ಪಿಸ್ತೂಲು ಕಟ್ಟಿಕೊಳ್ಳುವುದು ಎಲ್ಲಿಯವರೆಗೆ ಕಾನೂನುಬದ್ಧ ಎಂಬುದು ಅದರ ವಿಷಯ. ಅಲ್ಲಿನ 1934ರ ರಾಷ್ಟ್ರೀಯ ಬಂದೂಕು ಕಾಯಿದೆಯು ನೋಂದಣಿಗೆ ಒಳಪಡಿಸುವ ಆಯುಧಗಳಲ್ಲಿ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ ಒಂದು, ರೈಫಲ್‌ನಿಂದ ಮಾಡಿದ ಆಯುಧ ಇನ್ನೊಂದು. ಎರಡನೆಯದನ್ನು ‘ರೈಫಲ್ ಪರಿವರ್ತಿತ ಆಯುಧ’ ಎಂದು ಬರೆದಿದ್ದೇನೆ. ನಳಿಗೆ, ಬಟ್ (ಭುಜಕ್ಕಾನಿಸುವ ಹಿಂಭಾಗ), ಟ್ರಿಗರ್ ಎಲ್ಲವೂ ಬಂದು ಕೂಡುವ ‘ರಿಸೀವರ್’ಗೂ ಒಂದು ಪದ ಬೇಕಾಗಿದೆ, 1968ರ ಕಾಯಿದೆಯ ಪ್ರಕಾರ ಅದೊಂದೇ ಇದ್ದರೂ ಅದು ಬಂದೂಕೇ ಆದ್ದರಿಂದ ಆ ಪದವನ್ನು ತಪ್ಪಿಸಿ ಬರೆಯುವಂತಿಲ್ಲ.

ಮರುತ್ತರ (ನಿವೃತ್ತ ಅಧ್ಯಾಪಕರು)

ರಿಸೀವರ್‌ಗೆ ‘ಗ್ರಾಹಕ’ ಎಂಬ ಪದ ಸಿದ್ಧವಾಗಿದೆ. ಎರಡನೆಯದರಲ್ಲಿ ತಮ್ಮ ತೊಡಕು ಪದದ್ದಲ್ಲ, ವಿಭಕ್ತಿಯದು. ಇಂದಿನ ಕನ್ನಡದಲ್ಲಿ ‘ಇಂದ’ ಎಂಬ ಒಂದೇ ಪ್ರತ್ಯಯ ತೃತೀಯೆಯನ್ನೂ ಪಂಚಮಿಯನ್ನೂ ಹೊರಬೇಕಾಗಿ ಬಂದಿರುವುದರಿಂದ, ‘ರೈಫಲ್‌ನಿಂದ ಮಾಡಿದ’ ಎಂದರೆ ರೈಫಲ್ಲು ಸಾಧನವೋ ಮೂಲವೋ ತಿಳಿಯುವುದಿಲ್ಲ. ಕೇಶಿರಾಜನು ಪಂಚಮಿಗೆ ಹೇಳಿದ ‘ಅತ್ತಣಿಂ’ ಉಳಿದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇನ್ನು ಬಂದೂಕು, ರೈಫಲ್, ಪಿಸ್ತೂಲು ಎಂಬ ಎರವಲುಗಳ ಸಾಲನ್ನು ಬಿಟ್ಟು, ‘ಕೋವಿ’ ಎಂಬ ಅಚ್ಚಗನ್ನಡ ಪದದ ಮೇಲೆ ಉದ್ದಗೋವಿ, ಕಿರುಗೋವಿ ಎಂದು ಕಟ್ಟಿಕೊಳ್ಳಬಹುದು.

ಮರುತ್ತರ (ವಕೀಲರು)

‘ಅಂಗಡಿಯವನು ಗ್ರಾಹಕನಿಗೆ ಗ್ರಾಹಕವನ್ನು ಮಾರಿದನು’ ಎಂಬ ವಾಕ್ಯವನ್ನು ಮಾಸಿಕದ ಓದುಗರ ಮುಂದೆ ಇಡಲು ಅಧ್ಯಾಪಕರು ಸಿದ್ಧರಿದ್ದಾರೆಯೇ? ರಿಸೀವರ್ ರಿಸೀವರ್ ಆಗಿಯೇ ಇರಲಿ.

‘ಪರಿವರ್ತಿತ’ವನ್ನು ಮಾತ್ರ ದಯವಿಟ್ಟು ಕೈಬಿಡಿ. ಅದು ನಮ್ಮ ಕಾನೂನಿನ ಪರಿಭಾಷೆ. 1959ರ ಶಸ್ತ್ರಾಸ್ತ್ರ ಅಧಿನಿಯಮದ 6ನೇ ಪ್ರಕರಣವು ಪರವಾನಗಿಯಿಲ್ಲದೆ ನಳಿಗೆಯನ್ನು ಗಿಡ್ಡಗೊಳಿಸುವುದನ್ನೂ ನಕಲಿ ಬಂದೂಕನ್ನು ನಿಜವಾದ ಬಂದೂಕಾಗಿ ಪರಿವರ್ತಿಸುವುದನ್ನೂ ನಿಷೇಧಿಸುತ್ತದೆ. 2019ರ ತಿದ್ದುಪಡಿಯು ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ ಅದಕ್ಕೆ ಸೇರಿಸಿತು. ಇಲ್ಲಿ ಯಾವುದು ಮೊದಲು ಏನಾಗಿತ್ತು ಎಂಬ ಜಾತಕವನ್ನು ನೋಡುವ ಅಗತ್ಯವಿಲ್ಲ, ಬದಲಾಯಿಸಿದ್ದೇ ಅಪರಾಧ. ಅಮೆರಿಕದಲ್ಲಿ ಇಡೀ ಪ್ರಶ್ನೆ ನಿಂತಿರುವುದು ಆ ಜಾತಕದ ಮೇಲೆಯೇ.

1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದಿದ್ದ ಥಾಂಪ್ಸನ್/ಸೆಂಟರ್ ಆರ್ಮ್ಸ್ ಪ್ರಕರಣವನ್ನು ನೋಡಿ. ಕಂಪನಿಯು 10 ಇಂಚಿನ ನಳಿಗೆಯ ಪಿಸ್ತೂಲಿನ ಜೊತೆಗೆ, ಅದನ್ನೇ ರೈಫಲ್ ಆಗಿಸಿಕೊಳ್ಳಲು ಬಟ್ ಮತ್ತು 21 ಇಂಚಿನ ನಳಿಗೆಯಿರುವ ಕಿಟ್ ಒಂದನ್ನು ರೂಪಿಸಿತ್ತು. ಬಟ್ಟನ್ನೂ ಗಿಡ್ಡ ನಳಿಗೆಯನ್ನೂ ಒಟ್ಟಿಗೆ ಕೂಡಿಸಿದರೆ ನೋಂದಣಿ ಬೇಕಾದ ಆಯುಧವಾಗುವುದರಿಂದ, ಬಿಡಿಭಾಗಗಳನ್ನು ಒಂದೇ ಕಟ್ಟಿನಲ್ಲಿ ಕೊಡುವುದೂ ‘ಮಾಡಿದಂತೆ’ಯೇ ಎಂದು ಸರ್ಕಾರ ವಾದಿಸಿತು. ಕಂಪನಿ 200 ಡಾಲರ್ ತೆರಿಗೆ ಕಟ್ಟಿ, ಮರುಪಾವತಿಗೆ ದಾವೆ ಹೂಡಿ, ಗೆದ್ದಿತು. ಕಾಯಿದೆಯ ಮಾತು ಸಂದಿಗ್ಧವಾಗಿದೆ, ದಂಡನೆಯುಳ್ಳ ಕಾಯಿದೆಯಲ್ಲಿ ಸಂದೇಹದ ಲಾಭ ಪ್ರಜೆಗೆ ಸಲ್ಲಬೇಕು ಎಂಬುದು ಬಹುಮತದ ತೀರ್ಪಿಗೆ ಆಧಾರವಾಯಿತು. ಆ ಬಳಿಕ 2011ರಲ್ಲಿ ಬಂದೂಕು ನಿಯಂತ್ರಣ ಇಲಾಖೆಯು ಕ್ರಮವನ್ನು ಸ್ಪಷ್ಟಪಡಿಸಿತು: ಪಿಸ್ತೂಲಾಗಿ ಹುಟ್ಟಿದ್ದು ಉದ್ದ ನಳಿಗೆ ತೊಟ್ಟು ರೈಫಲ್ ಆಗಿ, ಮರಳಿ ಪಿಸ್ತೂಲಾದರೆ ಅಡ್ಡಿಯಿಲ್ಲ, ನಡುವೆ ಬಟ್ಟೂ ಗಿಡ್ಡ ನಳಿಗೆಯೂ ಕೂಡಿರಬಾರದಷ್ಟೆ, ರೈಫಲ್ ಆಗಿ ಹುಟ್ಟಿದ್ದನ್ನು ಗಿಡ್ಡ ನಳಿಗೆಯ ಪಿಸ್ತೂಲಾಗಿಸಿದರೆ ಅದು ‘ರೈಫಲ್‌ನಿಂದ ಮಾಡಿದ ಆಯುಧ’. ಹಿಂದೆಂದೂ ರೈಫಲ್ ಆಗಿ ಜೋಡಣೆಗೊಳ್ಳದ ಬರಿ ರಿಸೀವರ್ ಮಾತ್ರ ರೈಫಲ್ಲಲ್ಲ. ಅಂಥದರ ಮೇಲೆ, ರೈಫಲ್‌ಗೆಂದು ಮಾರಿದ ಇತರ ಭಾಗಗಳನ್ನು ಬಳಸಿ ಪಿಸ್ತೂಲು ಕಟ್ಟಿದರೆ ಈ ವರ್ಗಕ್ಕೆ ಬರುವುದಿಲ್ಲ. ರಾಜ್ಯಗಳ ಕಾನೂನುಗಳು ಬೇರೆ. ಕೆಲವು ಇನ್ನೂ ಕಠಿಣ. ಆದ್ದರಿಂದ ‘ಮೂಲತಃ ರೈಫಲ್ ಆಗಿದ್ದುದರಿಂದ ಮಾಡಿದ ಆಯುಧ’ ಎಂದು ಬರೆಯಿರಿ. ಉದ್ದವಾಯಿತೆಂದು ಕೊರಗಬೇಡಿ, ನೋಂದಣಿಯಿಲ್ಲದೆ ಮಾಡಿದವನಿಗೆ ಹತ್ತು ವರ್ಷದವರೆಗೆ ಸೆರೆಯಿದೆ.

ಮರುತ್ತರ (ನಿವೃತ್ತ ಅಧ್ಯಾಪಕರು)

‘ಆಗಿದ್ದುದರಿಂದ’ ಎಂದರೆ ಓದುಗರು ‘ಆಗಿದ್ದ ಕಾರಣ’ ಎಂದು ತಿಳಿಯುತ್ತಾರೆ. ವಕೀಲರು ನನ್ನ ವಿಭಕ್ತಿಯ ಮಾತನ್ನು ಓದಲಿಲ್ಲವೆಂಬುದು ಸ್ಪಷ್ಟ. ‘ಮೂಲತಃ ರೈಫಲ್ ಆಗಿದ್ದುದನ್ನು ಮಾರ್ಪಡಿಸಿ ಮಾಡಿದ ಆಯುಧ’ ಎಂದರೆ ಸಂದೇಹ ಉಳಿಯುವುದಿಲ್ಲ.

ಮರುತ್ತರ (ಕೊಡಗಿನ ಸದಸ್ಯರು)

ಕೋವಿ ನಮ್ಮ ಮನೆಮಾತು, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಸಲ್ಲುತ್ತದೆ. ಆದರೂ ಕಿರುಗೋವಿ ಎಂದರೆ ನಳಿಗೆ ಗಿಡ್ಡದೋ, ಒಂದೇ ಕೈಯಲ್ಲಿ ಹಿಡಿಯುವಂಥದೋ ತಿಳಿಯದು. ಭುಜಕ್ಕಾನಿಸಿ ಹಾರಿಸಲೆಂದು ಮಾಡಿದ್ದು ರೈಫಲ್, ಒಂದು ಕೈಯಲ್ಲಿ ಹಿಡಿದು ಹಾರಿಸಲೆಂದು ಮಾಡಿದ್ದು ಪಿಸ್ತೂಲು ಎಂಬುದೇ ಆ ದೇಶದ ವ್ಯಾಖ್ಯೆಯಾಗಿರುವಾಗ, ಅಳತೆಯನ್ನು ಹೇಳುವ ಪದ ಅಲ್ಲಿ ದಾರಿ ತಪ್ಪಿಸುತ್ತದೆ. ಎರವಲಿನ ಮಾತಿಗೆ ಬಂದರೆ, ಅರಬ್ಬಿಯಿಂದ ಪಾರಸಿಯ ದಾರಿಯಲ್ಲಿ ಬಂದ ಬಂದೂಕನ್ನು ಮನೆಯವನೆಂದು ಒಪ್ಪಿಕೊಂಡವರಿಗೆ ರೈಫಲ್ ಹೇಗೆ ಹೊರಗಿನವನಾಗುತ್ತದೆ?

ಕೇಳಿಕೆ (ಅನುವಾದಕಿ)

ಅಧ್ಯಾಪಕರ ವಾಕ್ಯವನ್ನು ಆರಿಸಿಕೊಂಡಿದ್ದೇನೆ, ರಿಸೀವರ್ ಹಾಗೆಯೇ ಉಳಿಯುತ್ತದೆ. ಅಚ್ಚಿಗೆ ಹೋಗುವ ಪಾಠ: ‘ಮೂಲತಃ ರೈಫಲ್ ಆಗಿದ್ದುದನ್ನು ಮಾರ್ಪಡಿಸಿ ಮಾಡಿದ, 16 ಇಂಚಿಗಿಂತ ಗಿಡ್ಡ ನಳಿಗೆಯ ಆಯುಧಕ್ಕೆ ಮುಂಚಿತ ಅನುಮತಿ, ನೋಂದಣಿ ಮತ್ತು 200 ಡಾಲರ್ ತೆರಿಗೆ ಅಗತ್ಯ.’

ಮರುತ್ತರ (ವಕೀಲರು)

‘ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಿರುವ’ ಎಂಬುದನ್ನು ಸೇರಿಸಿ. ‘ಮತ್ತು’ ಅಲ್ಲ, ‘ಅಥವಾ’. ಈ ಬಗೆಯ ಆಯುಧಕ್ಕೆ ತೆರಿಗೆಯು 2026ರ ಜನವರಿ 1ರಿಂದ ಸೊನ್ನೆಯಾಗಿರುವುದರಿಂದ ಆ ಮೊತ್ತವನ್ನು ತೆಗೆಯಿರಿ, ಆದರೆ ಅನುಮತಿ ಮತ್ತು ನೋಂದಣಿಯನ್ನು ತೆಗೆಯಬೇಡಿ, ಅವೆರಡೂ ಹಾಗೆಯೇ ಇವೆ.