ನವಣೆ ತರಲಾ, ರಾಗಿನೇ ಸಾಕಾ? ಮೈಸೂರಿನ ಐದು ಜನರ ಮನೆ

ಕುವೆಂಪುನಗರದ_ಸೊಸೆ:
ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ತಿಂಗಳಿಗೆ 25 ಕೆಜಿ ಸೋನಾ ಮಸೂರಿ ಮೂಟೆ ಖಾಲಿ. ಬೆಳಿಗ್ಗೆ ಇಡ್ಲಿ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮಗಳು ಏಳನೇ ಕ್ಲಾಸು. 'ನಿಮ್ಮ ಊಟ ಎಲ್ಲಿಂದ ಬಂತು' ಅಂತ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಮೀಥೇನ್ ಬರುತ್ತೆ, ಭೂಮಿ ಬಿಸಿಯಾಗುತ್ತೆ, ಅನ್ನ ಕಮ್ಮಿ ಮಾಡಮ್ಮ ಅಂತ ಒಂದೇ ರಗಳೆ.

ಸರಿ ಅಂತ ಅಂಗಡಿಗೆ ಹೋದೆ. ಅರ್ಧ ಕೆಜಿ ನವಣೆ ಪ್ಯಾಕೆಟ್ಟಿನ ದುಡ್ಡಿಗೆ ಒಂದು ಕೆಜಿ ಸೋನಾ ಮಸೂರಿ ಬಂದು ಚಿಲ್ಲರೆನೂ ಉಳಿಯುತ್ತೆ. ವಾಪಸ್ ಇಟ್ಟೆ. ಎರಡು ಕೆಜಿ ಬಿಡಿ ರಾಗಿ ತಂದು, ಹಾಗೇ ಮಿಲ್ಲಿಗೆ ಹಾಕಿಸಿ, ಮುದ್ದೆ ಮಾಡಿದೆ. ಅತ್ತೆ ಮಳವಳ್ಳಿ ಕಡೆಯವರು, ಮುದ್ದೆಯನ್ನು ಅಗಿಯದೆ ನುಂಗುತ್ತಾರೆ. ಮಕ್ಕಳು ಅಗಿದರು. ಕರಕರ ಅಂತು. ನಾನು ಸಿಕ್ಕಿಬಿದ್ದೆ.

ನವಣೆ, ಸಾಮೆಗೆ ಇಷ್ಟು ಬೆಲೆ ಯಾಕೆ? ರಾಗಿಯೊಂದೇ ಸಾಕಾದರೆ ಈ ಕಲ್ಲಿಗೆ ಏನು ಮಾಡಲಿ?

ನಾಲೆ_ಬಯಲು, ಮದ್ದೂರು:
ಅಕ್ಕ, ಆ ಕಲ್ಲು ನಮ್ಮಂಥವರದ್ದೇ ಕೊಡುಗೆ. ಈಗ ಸಗಣಿ ಸಾರಿಸಿ ಕಣ ಮಾಡೋರು ಎಷ್ಟು ಜನ? ತೆನೆ ಹುಲ್ಲನ್ನು ಟಾರು ರಸ್ತೆ ಮೇಲೆ ಹರಡುತ್ತೇವೆ. ಬಸ್ಸು, ಕಾರು ತುಳಿದು ಹೋಗುತ್ತವೆ. ಆಮೇಲೆ ಗುಡಿಸಿ ಚೀಲಕ್ಕೆ ತುಂಬುತ್ತೇವೆ. ಸಣ್ಣ ಕಲ್ಲು ರಾಗಿ ಕಾಳಿನಷ್ಟೇ ಇರುತ್ತೆ, ಜರಡಿ ಹಿಡಿದರೆ ಹೋಗಲ್ಲ. ನೀರಲ್ಲಿ ಜಾಲಿಸಬೇಕು. ಅಗಲ ಪಾತ್ರೆಗೆ ರಾಗಿ ಹಾಕಿ ನೀರು ತುಂಬಿ, ಜೋರಾಗಿ ಕೈಯಾಡಿಸಿ. ಕಾಳು ಇನ್ನೂ ಸುತ್ತುತ್ತಿರುವಾಗಲೇ ನೀರಿನ ಜೊತೆ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಕಲ್ಲು ತಳದಲ್ಲೇ ಕೂತಿರುತ್ತೆ. ಮೂರು ಸಲ ಹೀಗೆ ಮಾಡಿ, ಚೆನ್ನಾಗಿ ಒಣಗಿಸಿ, ಆಮೇಲೆ ಮಿಲ್ಲಿಗೆ.

ಮಗಳ ಪ್ರಾಜೆಕ್ಟಿಗೆ ಇದನ್ನೂ ಸೇರಿಸಿ. ನಮ್ಮ ಗದ್ದೆ ಕೆಆರ್‌ಎಸ್ ಅಣೆಕಟ್ಟಿನಿಂದ ಬರೋ ವಿಸಿ (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದ್ದು. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ಪೂರ್ಣ ಮಟ್ಟ 124.80 ಅಡಿ ಮುಟ್ಟಲೇ ಇಲ್ಲ. ಬೇಸಿಗೆ ಭತ್ತದ ಆಸೆ ಬಿಟ್ಟೆವು. ಮಳೆ ನಂಬಿದ ಮೇಲಿನ ಹೊಲದಲ್ಲಿ ರಾಗಿ ಅರ್ಧ ಒಣಗಿತು, ಆದರೂ ಮನೆ ಖರ್ಚಿಗೆ ಆಗುವಷ್ಟು ಸಿಕ್ಕಿತು. 'ಹಾಗಾದ್ರೆ ಗದ್ದೆಗೂ ರಾಗಿನೇ ಹಾಕಿ' ಅಂತಾರೆ ಪೇಟೆಯವರು. 2024-25ರ ಬೆಂಬಲ ಬೆಲೆ ರಾಗಿಗೆ ಕ್ವಿಂಟಾಲಿಗೆ 4,290 ರೂಪಾಯಿ, ಭತ್ತಕ್ಕೆ 2,300. ನೋಡಿದರೆ ರಾಗಿನೇ ಲಾಭ ಅನಿಸುತ್ತೆ, ಅಲ್ವಾ? ಆದರೆ ನೀರಿದ್ದರೆ ಎಕರೆಗೆ ಭತ್ತದ ಇಳುವರಿನೇ ಜಾಸ್ತಿ. ಅದೂ ಹೋಗಲಿ, ಬಯಲಲ್ಲಿ ಸುತ್ತ ಎಲ್ಲರೂ ಭತ್ತ ಹಾಕಿ ನಾನೊಬ್ಬ ರಾಗಿ ಹಾಕಿದರೆ ಪಕ್ಕದ ಗದ್ದೆ ನೀರು ಬಸಿದು ಬಂದು ಬುಡ ಕೊಳೆಯುತ್ತೆ. ಹಾಕಿ ನೋಡಿದ್ದೇನೆ. ದನಕ್ಕೆ ಹುಲ್ಲಾಯಿತು, ಅಷ್ಟೇ.

ಹಿಟ್ಟಿನ_ಮಿಲ್ಲು, ಮಂಡ್ಯ:
ಬೆಲೆ ವಿಷಯ ನಾನು ಹೇಳುತ್ತೇನೆ ಮೇಡಂ. ರಾಗಿಗೆ ಹೊಟ್ಟು ಬಿಡಿಸೋ ಕೆಲಸ ಇಲ್ಲ, ಶುದ್ಧ ಮಾಡಿ ತಂದರೆ ನೇರ ಮಿಷನ್ನಿಗೆ ಸುರಿಯುತ್ತೇನೆ. ನವಣೆ, ಸಾಮೆ, ಹಾರಕ, ಊದಲಿಗೆ ಭತ್ತದ ಹಾಗೆ ಗಟ್ಟಿ ಹೊಟ್ಟು. ಬಿಡಿಸೋಕೆ ಬೇರೆ ಮಿಷನ್ನೇ ಬೇಕು, ನನ್ನ ಹತ್ತಿರ ಇಲ್ಲ. ಹೊಟ್ಟಿನ ತೂಕ ಹೋಗುತ್ತೆ, ನುಚ್ಚಾಗಿ ಸ್ವಲ್ಪ ಹೋಗುತ್ತೆ. ಬಿಡಿಸಿದ ಮೇಲೆ ಜಾಸ್ತಿ ದಿನ ಇಟ್ಟರೆ ಕಮಟು ವಾಸನೆ. ಇದೆಲ್ಲ ಸೇರಿ ಆ ಪ್ಯಾಕೆಟ್ಟಿನ ರೇಟು, ಮೇಲೆ ಬಣ್ಣದ ಕವರಿನ ಖರ್ಚು.

ರಾಗಿ ಕಾಳಾಗಿದ್ದರೆ ವರ್ಷಗಟ್ಟಲೆ ಇರುತ್ತೆ. ಹಿಂದಿನವರು ಹಗೇವಿಗೆ, ಅಂದ್ರೆ ನೆಲದೊಳಗಿನ ಧಾನ್ಯದ ಗುಂಡಿಗೆ, ತುಂಬಿ ಬರಗಾಲಕ್ಕೆ ಇಟ್ಟುಕೊಳ್ಳುತ್ತಿದ್ದದ್ದು ಇದನ್ನೇ. ಹಿಟ್ಟು ಮಾತ್ರ ತಿಂಗಳಿಗಾಗುವಷ್ಟೇ ಹಾಕಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇನ್ನೊಂದು, ನಮ್ಮ ಊರಿನ ಜಂಬ ಅಂದ್ಕೊಳ್ಳಿ: ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಬೆರಕೆ ಮಾಡಿ ಇಂಡಾಫ್ ತಳಿ ತಂದ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಇಲ್ಲೇ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿಸಿ ಫಾರಂನಲ್ಲಿ.

ಸೊಸೈಟಿ_ಕ್ಯೂ:
ನೀವೆಲ್ಲ ಇದು ತರಲಾ ಅದು ತರಲಾ ಅಂತ ಮಾತಾಡುತ್ತಿದ್ದೀರಿ. ಬೇಜಾರಿಲ್ಲ. ನಮ್ಮದು ಬಿಪಿಎಲ್ ಕಾರ್ಡು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ತಲೆಗೆ 5 ಕೆಜಿ ಧಾನ್ಯ. ಅಕ್ಕಿನೋ ರಾಗಿನೋ ಅಂತ ನಮ್ಮನ್ನು ಕೇಳಿ ಕೊಡಲ್ಲ, ಬಂದದ್ದನ್ನು ಬೇಯಿಸುತ್ತೇವೆ. ಬೆಳಿಗ್ಗೆ ಆರಕ್ಕೆ ನಾನು ಮನೆಗೆಲಸಕ್ಕೆ ಹೊರಡಬೇಕು. ಕುಕ್ಕರಿಗೆ ಅಕ್ಕಿ ಇಟ್ಟು ಸ್ನಾನ ಮುಗಿಸಬಹುದು. ಮುದ್ದೆ ಹಾಗಲ್ಲ, ಒಲೆ ಮುಂದೆ ನಿಂತು ಕೋಲು ತಿರುಗಿಸಲೇಬೇಕು. ಅದಕ್ಕೇ ರಾಗಿ ಕೊಟ್ಟ ತಿಂಗಳು ರಾತ್ರಿ ಮುದ್ದೆ, ಉಪ್ಸಾರು. ಉಳಿದ ಮುದ್ದೆಯನ್ನು ನೀರಲ್ಲಿ ಹಾಕಿಟ್ಟು, ಬೆಳಿಗ್ಗೆ ಕಿವುಚಿ, ಮಜ್ಜಿಗೆ, ಉಪ್ಪು, ಹಸಿ ಈರುಳ್ಳಿ. ಹನ್ನೊಂದರವರೆಗೆ ಹಸಿವಾಗಲ್ಲ.

ಅಕ್ಕ, ನಿಮ್ಮ ಮಕ್ಕಳಿಗೆ ದೋಸೆಯಿಂದ ಶುರು ಮಾಡಿ. ಎರಡು ಲೋಟ ಅಕ್ಕಿ, ಒಂದು ಲೋಟ ರಾಗಿ, ಅರ್ಧ ಲೋಟ ಉದ್ದು. ಬಣ್ಣ ನೋಡಿ ಮುಖ ಸಿಂಡರಿಸಿದರೆ ಜೊತೆಗೆ ಕಾಯಿ ಚಟ್ನಿ ಕೊಡಿ.

ಕುವೆಂಪುನಗರದ_ಸೊಸೆ:
ಸೊಸೈಟಿ ಅಕ್ಕ, ದೋಸೆ ಓಡಿತು, ಥ್ಯಾಂಕ್ಸ್. ನೀವು ಹೇಳಿದ ಕೋಲಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವವರೂ ಆರೂವರೆಗೇ ಬರುತ್ತಾರೆ.

ಮದ್ದೂರಿನ ಅಣ್ಣ, ಮತ್ತೆ ಎರಡು ಕೆಜಿ ತಂದು ಜಾಲಿಸಿದೆ. ಮೊದಲ ಸಲ ಅರ್ಧ ರಾಗಿ ಸಿಂಕಿಗೆ ಹೋಗುತ್ತಿತ್ತು, ಅತ್ತೆ ಪಾತ್ರೆ ಕಿತ್ತುಕೊಂಡು ತಾವೇ ಮಾಡಿದರು. ತಳದಲ್ಲಿ ಒಂದು ಚಮಚದಷ್ಟು ಕಪ್ಪು ಕಲ್ಲು. ಮಗಳು ಅದನ್ನು ಒಣಗಿಸಿ, ಚಾರ್ಟಿಗೆ ಅಂಟಿಸಿ, 'ಮದ್ದೂರಿನ ರಸ್ತೆ' ಅಂತ ಬರೆದಿದ್ದಾಳೆ. ಬಸಿದು ಬರೋ ನೀರಿನ ಚಿತ್ರನೂ ಇದೆ. ಅನ್ನ ಈಗ ಮಧ್ಯಾಹ್ನ ಮಾತ್ರ. ನಿನ್ನೆ ಹುರುಳಿಕಾಳು ಬಸ್ಸಾರಿಗೆ ಅತ್ತೆ ಎರಡನೇ ಮುದ್ದೆ ಕೇಳಿದರು. ಮಗ ಇನ್ನೂ ಅಗಿಯುತ್ತಲೇ ಇದ್ದಾನೆ.