ಲೇಸರ್ ಪ್ರಿಂಟರ್ ಪವರ್ ಸಪ್ಲೈ ಬೋರ್ಡ್ ಟಿಕ್ ಟಿಕ್ ಅನ್ನುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ಚಿಕ್ಕದೊಂದು ಜೆರಾಕ್ಸ್ ಅಂಗಡಿ ನನ್ನದು. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಆನ್ ಆಗುತ್ತಿಲ್ಲ. ಸ್ವಿಚ್ ಹಾಕಿದರೆ ಒಳಗಿಂದ ಸಣ್ಣಗೆ ಟಿಕ್ ಟಿಕ್ ಸದ್ದು. ಹಸಿರು ದೀಪ ಮಿನುಗಿ ಆರಿಹೋಗುತ್ತದೆ, ಮತ್ತೆ ಮಿನುಗುತ್ತದೆ.

ಬೋರ್ಡ್ ಬಿಚ್ಚಿ ನೋಡಿದ್ದೇನೆ. ಫ್ಯೂಸ್ ಚೆನ್ನಾಗಿದೆ. ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲಿ ಸರಣಿಯಾಗಿ ಜೋಡಿಸುವ ಬಲ್ಬ್) ಹಾಕಿದರೆ ಒಮ್ಮೆ ಹೊತ್ತಿ ಮಂಕಾಗುತ್ತದೆ, ಅಂದರೆ ಪ್ರೈಮರಿ (ಮೇನ್ಸ್ ಕರೆಂಟ್ ಬರುವ) ಕಡೆ ನೇರ ಶಾರ್ಟ್ ಇಲ್ಲ ಅಲ್ವಾ? ದೊಡ್ಡ ಕೆಪಾಸಿಟರ್ ಮೇಲೆ 320 ವೋಲ್ಟ್ ಡಿಸಿ ಬರುತ್ತಿದೆ. ಆದರೆ 24 ವೋಲ್ಟ್ ಲೈನ್ 7-8ರ ತನಕ ಏರಿ ಕುಸಿಯುತ್ತದೆ. ಮೇನ್ ಬೋರ್ಡ್ ಕನೆಕ್ಟರ್ ಕಿತ್ತರೂ ಅದೇ ಕಥೆ. ಹಾಗಾಗಿ ತೊಂದರೆ ಸಪ್ಲೈ ಬೋರ್ಡಿನಲ್ಲೇ ಇದೆ ಅನ್ನಿಸುತ್ತದೆ. ಔಟ್‌ಪುಟ್ ಡಯೋಡ್ ಮಲ್ಟಿಮೀಟರ್‌ನಲ್ಲಿ ಶಾರ್ಟ್ ತೋರಿಸುತ್ತಿಲ್ಲ.

ನನ್ನ ಅನುಮಾನ ಸ್ವಿಚಿಂಗ್ ಐಸಿಗೆ ಕರೆಂಟ್ ಕೊಡುವ ಪುಟ್ಟ ಕೆಪಾಸಿಟರ್ ಮೇಲೆ, 22 ಮೈಕ್ರೋಫ್ಯಾರಡ್, 50 ವೋಲ್ಟ್. ಉಬ್ಬಿಲ್ಲ, ಆದರೆ ಪಕ್ಕದಲ್ಲೇ ಬಿಸಿಯಾಗುವ ರೆಸಿಸ್ಟರ್ ಇದೆ, ಬೋರ್ಡ್ ಅಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಇಎಸ್‌ಆರ್ ಮೀಟರ್ (ಕೆಪಾಸಿಟರ್ ಒಳಗಿನ ರೆಸಿಸ್ಟೆನ್ಸ್ ಅಳೆಯುವುದು) ನನ್ನ ಹತ್ತಿರ ಇಲ್ಲ. ಸುಮ್ನೆ ಬದಲಾಯಿಸಿ ನೋಡಲಾ? 105 ಡಿಗ್ರಿ ಶಾಖ ತಡೆಯುವುದನ್ನೇ ಹಾಕಬೇಕು ಅಂತ ಗೊತ್ತು. ಆಪ್ಟೋಕಪ್ಲರ್ (ಔಟ್‌ಪುಟ್ ವೋಲ್ಟೇಜಿನ ಸೂಚನೆಯನ್ನು ಬೆಳಕಿನ ಮೂಲಕ ಪ್ರೈಮರಿ ಕಡೆಗೆ ಕಳಿಸುವ ಭಾಗ) ಕೆಟ್ಟರೂ ಹೀಗೇ ಆಗುತ್ತದಾ? ಅದನ್ನು ಬೋರ್ಡಿನಿಂದ ತೆಗೆಯದೆ ಪರೀಕ್ಷಿಸುವ ದಾರಿ ಇದೆಯಾ?

'ಹೊಸ ಬೋರ್ಡೇ ಹಾಕಿಸಿ' ಅನ್ನುವವರು ದಯವಿಟ್ಟು ಬೇಡ, ಬೆಲೆ ಕೇಳಿಯಾಗಿದೆ! ಫ್ಯೂಸರ್ (ಟೋನರನ್ನು ಕಾಗದಕ್ಕೆ ಬಿಸಿ ಮಾಡಿ ಅಂಟಿಸುವ ಭಾಗ) ಹೀಟರಿಗೆ ಮೇನ್ಸ್ ಕರೆಂಟ್ ಕೊಟ್ಟು ನಿಲ್ಲಿಸುವ ಟ್ರಯಾಕ್ ಕೂಡ ಇದೇ ಬೋರ್ಡಿನಲ್ಲಿದೆ, ಹಾಗಾಗಿ ಅಂದಾಜಿನ ಮೇಲೆ ಸಿಕ್ಕಿದ್ದೆಲ್ಲ ಬದಲಾಯಿಸಲು ಭಯ. ಈ ತರಹದ ಬೋರ್ಡ್ ರಿಪೇರಿ ಮಾಡಿದವರು ಮೊದಲು ಎಲ್ಲಿ ಅಳೆಯಬೇಕು ಅಂತ ಹೇಳಿ. ಬೋರ್ಡಿನ ಎರಡೂ ಬದಿಯ ಫೋಟೋ ಕಾಮೆಂಟ್‌ನಲ್ಲಿ ಹಾಕಿದ್ದೇನೆ.